ಕಡಲ ಪಾಚಿಯ ಎಣ್ಣೆ ಮತ್ತು ನನ್ನ ಮೂಗು

ನನ್ನ ಕೆಲಸ ಮೂಸುವುದಾಗಿತ್ತು. ಹೀಗೆಂದರೆ ಈಗಿನ ಹುಡುಗಿಯರು ನಗುತ್ತಾರೆ. ನೇಮಕದ ಕಾಗದದಲ್ಲಿ ‘ರಸಾಯನ ವಿಶ್ಲೇಷಕಿ’ ಎಂದು ದೊಡ್ಡದಾಗಿ ಬರೆದಿದ್ದರು, ನಿಜ. ಆದರೆ ಪುತ್ತೂರಿನ ಒಂದು ಎಣ್ಣೆ ಮಿಲ್ಲಿನ ಹಿಂಬದಿಯ ಕೋಣೆಯಲ್ಲಿದ್ದ ಆ ಪ್ರಯೋಗಾಲಯಕ್ಕೆ ಬೆಳಿಗ್ಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ, ಸಾಲಾಗಿಟ್ಟ ಬಾಟಲಿಗಳ ಬಿರಡೆ ತೆಗೆದು ಒಂದೊಂದಕ್ಕೂ ಮೂಗು ಒಡ್ಡುವುದು. ತೆಂಗಿನೆಣ್ಣೆ ಕೆಡಲು ತೊಡಗಿದರೆ ಮೊದಲು ಸುದ್ದಿ ಕೊಡುವುದು ವಾಸನೆಯೇ. ಗಾಜಿನ ನಳಿಗೆ, ಔಷಧಿ, ಲೆಕ್ಕ ಎಲ್ಲ ಆಮೇಲೆ.

ನನ್ನ ತಮ್ಮನ ಮಗಳು ಮೊನ್ನೆ ಒಂದು ಆಹಾರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಹೊರಡುವ ಮೊದಲು ಮನೆಗೆ ಬಂದು, “ಅಮ್ಮಾಯಿ, ಎಂತಾದ್ರೂ ಬುದ್ಧಿ ಹೇಳಿ” ಎಂದಳು. ಅಪ್ಪನ ಅಕ್ಕನನ್ನು ನಮ್ಮಲ್ಲಿ ಅಮ್ಮಾಯಿ ಎನ್ನುವುದು. ಹೇಳಲಿಕ್ಕೆ ನನ್ನ ಹತ್ತಿರ ಅಂಥ ಬುದ್ಧಿಯೇನೂ ಇಲ್ಲ. ನಾಚಿಕೆಪಟ್ಟ ಸಂಗತಿಗಳು ಬೇಕಾದಷ್ಟು ಉಂಟು. ಬಡ್ತಿ, ಸನ್ಮಾನ, ಶಾಲು ಇತ್ಯಾದಿಗಳನ್ನು ಬದಿಗಿಟ್ಟು ಅದನ್ನೇ ಬರೆಯುತ್ತೇನೆ.

ನಮ್ಮದು ಕೇರಳದಿಂದ ಬಂದು ನೆಲ್ಯಾಡಿಯ ಹತ್ತಿರ ರಬ್ಬರ್ ಹಾಕಿದ ಕುಟುಂಬ. ನನ್ನ ಹೆಸರು ಏಲಿಯಮ್ಮ. ಪುತ್ತೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಅಲ್ಲೇ ಅಣ್ಣನ ಬಾಡಿಗೆ ಮನೆಯಲ್ಲಿ ಉಳಿದೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಮಿಲ್ಲಿನ ಕೆಲಸ ಸಿಕ್ಕಿತು. ನನ್ನ ಮೇಲಿನವರು ಕೇಶವ ಭಟ್ರು. ತುಂಬ ಓದಿಕೊಂಡವರು, ಸಿಟ್ಟು ಕಡಿಮೆ, ನಸ್ಯ ಜಾಸ್ತಿ. ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದ ದಿನ ಇತ್ತು, ನಸ್ಯದ ಡಬ್ಬಿ ಇಲ್ಲದ ದಿನ ಇರಲಿಲ್ಲ. ಎಷ್ಟೋ ವರ್ಷ ನಸ್ಯ ಏರಿಸಿ ಏರಿಸಿ ಅವರ ಮೂಗು ಸತ್ತೇ ಹೋಗಿತ್ತು. ಸೀಮೆಎಣ್ಣೆಗೂ ತುಪ್ಪಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

“ನನ್ನ ಮೂಗು ಶೃಂಗಾರಕ್ಕೆ ಮಾತ್ರ ಏಲಿಯಮ್ಮ. ಇಲ್ಲಿ ಮೂಗು ಅಂತ ಇರುದು ನಿಂದೇ” ಎಂದು ಮೊದಲ ದಿನವೇ ಹೇಳಿದ್ದರು. ನನಗೆ ಹೆಮ್ಮೆಯಾಯಿತು.

ಅದೇ ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚಿದೆ. ಅತ್ತಿಗೆ ಮತ್ತಿ ಮೀನಿನ ಸಾರು ಕಟ್ಟಿದ್ದರು. ಇಲ್ಲಿಯವರು ಬೂತಾಯಿ ಎನ್ನುವುದು ಅದಕ್ಕೇ. ಭಟ್ರಿಗೆ ಹೇಗೂ ವಾಸನೆ ಇಲ್ಲ. ಆದರೆ ಆಚೆ ಆಫೀಸಿನಿಂದ ಗುಮಾಸ್ತರೊಬ್ಬರು ಬಂದು ಬಾಗಿಲಲ್ಲೇ ನಿಂತು ಮೂಗಿಗೆ ಪಂಚೆಯ ತುದಿ ಹಿಡಿದರು. ಭಟ್ರು ಮುಜುಗರದಿಂದ ನನ್ನ ಕಡೆ ನೋಡಿ, “ಏಲಿಯಮ್ಮ, ತಪ್ಪು ತಿಳ್ಕೊಳ್ಬೇಡ. ನಾಳೆಯಿಂದ ಡಬ್ಬಿಯನ್ನು ಹೊರಗಿನ ಕಿಟಕಿಯಲ್ಲಿ ಇಡುವ, ಆಗದಾ?” ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ನನಗೆ ಬೇಸರಪಡಲಿಕ್ಕೂ ದಾರಿ ಇರಲಿಲ್ಲ. “ಆಗ್ಬಹುದು ಸರ್” ಎಂದೆ. ಅಂದಿನಿಂದ ಡಬ್ಬಿ ಹೊರಗಿನ ಕಿಟಕಿಯಲ್ಲಿ, ನನ್ನ ಊಟ ಹಿಂದಿನ ಜಗಲಿಯಲ್ಲಿ.

ಡಬ್ಬಿಯನ್ನು ಹೊರಗಿಡಬಹುದು, ಕೈಯನ್ನು ಎಲ್ಲಿಡುವುದು? ದಿನಾ ಬೆಳಿಗ್ಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆಯುತ್ತಿದ್ದೆ. ಮುಡಿ ತುಂಬ ಮಲ್ಲಿಗೆ ಮುಡಿಯುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಮೂಗು ಉಜ್ಜಿಕೊಂಡರೆ ಸಾಕು, ನನ್ನಿಂದಲೇ ಎಂದು ಸೆರಗು ಎಳೆದುಕೊಳ್ಳುತ್ತಿದ್ದೆ. ಆಮೇಲೆ ನೋಡಿದರೆ ಪಾಪ ಅವರಿಗೆ ಶೀತವಾಗಿರುತ್ತಿತ್ತು.

ಕೆಲಸದಲ್ಲಿ ಮಾಡಿದ ಎಡವಟ್ಟುಗಳಿಗೂ ಕಡಿಮೆ ಇಲ್ಲ. ಆಗ ದ್ರಾವಣಗಳನ್ನು ಗಾಜಿನ ನಳಿಗೆಯಿಂದ ಬಾಯಲ್ಲೇ ಎಳೆಯುವ ಕ್ರಮ. ಒಮ್ಮೆ ಯಾರೊಂದಿಗೋ ಮಾತಾಡುತ್ತ ಎಳೆದು ಅಸಿಟಿಕ್ ಆಮ್ಲವನ್ನು ನಾಲಿಗೆಗೇ ತಂದುಕೊಂಡೆ. ಒಂದು ವಾರ ಗಂಜಿ ಬಿಟ್ಟರೆ ಬೇರೇನೂ ಇಳಿಯಲಿಲ್ಲ. “ಬಾಯಿ ಮುಚ್ಚಿ ಕೆಲಸ ಮಾಡು ಅಂತ ಹೇಳಿದ್ರೆ ಕೇಳುದಿಲ್ಲ, ಈಗ ಆಮ್ಲವೇ ಹೇಳಿತು” ಎಂದು ಭಟ್ರು ನಕ್ಕರು. ಇಂಥದ್ದಕ್ಕೆ ನಾನೂ ನಗುತ್ತಿದ್ದೆ. ಸುಟ್ಟ ನಾಲಿಗೆ ಬೇಗ ಮರೆತುಹೋಗುತ್ತದೆ.

ಎಣ್ಣೆ ಕೆಡುವ ವಿಷಯಕ್ಕೆ ಬರುತ್ತೇನೆ. ಗಾಳಿಯಲ್ಲಿರುವ ಆಮ್ಲಜನಕ ಎಣ್ಣೆಯನ್ನು ಮೆಲ್ಲಗೆ ತಿನ್ನುತ್ತ ಬರುತ್ತದೆ, ಎಣ್ಣೆಗೆ ಕಮಟು ವಾಸನೆ ಹಿಡಿಯುತ್ತದೆ. ಅದನ್ನು ತಡೆಯುವ ಪದಾರ್ಥಕ್ಕೆ ಆಂಟಿಆಕ್ಸಿಡೆಂಟ್ ಎಂದು ಹೆಸರು. ಈಗ ಆ ಶಬ್ದ ಕೇಳಿದರೆ ಎಲ್ಲರೂ ಆರೋಗ್ಯ, ಆಯುಸ್ಸು, ಗುಳಿಗೆ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಅದು ಮನುಷ್ಯರಿಗಲ್ಲ, ಹಪ್ಪಳಕ್ಕೆ, ಚಿಪ್ಸಿಗೆ, ಎಣ್ಣೆಯ ಡಬ್ಬಕ್ಕೆ ಬೇಕಾದ ವಸ್ತುವಾಗಿತ್ತು. ಪೇಟೆಯಲ್ಲಿ ಅದಕ್ಕೆ ಕೃತಕ ಪುಡಿಗಳು ಬರುತ್ತಿದ್ದವು. ಭಟ್ರಿಗೆ ಅದು ಹಿಡಿಸುತ್ತಿರಲಿಲ್ಲ. ಅವರು ಎಲ್ಲಿಯೋ ಓದಿಕೊಂಡು ಬಂದು ಒಂದು ದಿನ ಕೇಳಿದರು: “ಏಲಿಯಮ್ಮ, ಕಡಲಿನ ಬಂಡೆಯ ಮೇಲೆ ಪಾಚಿ ಇರ್ತದೆ. ನೀರು ಇಳಿದಾಗ ಮಧ್ಯಾಹ್ನದ ಬಿಸಿಲಿಗೆ ಹಾಗೇ ಬಿದ್ದುಕೊಂಡಿರ್ತದೆ. ಆದ್ರೂ ಕೆಡುದಿಲ್ಲ. ಎಂತಕ್ಕೆ?”

“ಗೊತ್ತಿಲ್ಲ ಸರ್.”

“ಅದರ ಒಳಗೆ ಕಾಯುವ ಸಾಮಾನು ಉಂಟು. ನಮ್ಮ ಅಡಿಕೆಯ ಚೊಗರು ಇಲ್ವಾ, ಅದರ ದಾಯಾದಿ. ಅದನ್ನು ತೆಗೆದು ಎಣ್ಣೆಗೆ ಹಾಕಿದ್ರೆ ಎಣ್ಣೆಯನ್ನೂ ಕಾಯ್ತದೆ.”

ಪುತ್ತೂರಿನಿಂದ ಕಡಲು ಕಾಣುವುದಿಲ್ಲ. ಆದ್ದರಿಂದ ನಾನೇ ಬಸ್ಸು ಹಿಡಿದು ಕರಾವಳಿಗೆ ಹೋಗಿ, ನೀರಿಳಿದ ಹೊತ್ತಿನಲ್ಲಿ ಮೀನುಗಾರ ಹೆಂಗಸರಿಂದ ಕಂದು ಪಾಚಿ ಕೀಳಿಸಿ, ಗೋಣಿಯಲ್ಲಿ ತುಂಬಿಸಿ ತರಬೇಕಾಗಿತ್ತು. ವಾಪಸು ಬರುವಾಗ ಗೋಣಿಯಿಂದ ನೀರು ಸೋರಿ ಬಸ್ಸಿನ ನೆಲವೆಲ್ಲ ನಾರುತ್ತಿತ್ತು. ಕಂಡಕ್ಟರ್ ಬಂದು, “ಎಂತ ಅಕ್ಕ ಇದು? ಹುಲ್ಲು ಅಂತ ಹೇಳ್ತೀರಿ, ಮೀನಿನ ವಾಸನೆ ಬರ್ತದಲ್ಲ” ಎಂದ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಇಳಿಯುವವರೆಗೆ ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತೆ, ಗೋಣಿ ಯಾರದ್ದೋ ಎಂಬಂತೆ.

ಪಾಚಿಯನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟಿನಲ್ಲಿ ನೆನೆಹಾಕಿ, ಸೋಸಿ, ಬಿಸಿನೀರಿನ ಹಬೆಯ ಮೇಲೆ ಸ್ಪಿರಿಟನ್ನು ಆರಿಸಿದರೆ ತಳದಲ್ಲಿ ಲೇಹ್ಯದಂಥ ಕಪ್ಪು ಅಂಟು ಉಳಿಯುತ್ತಿತ್ತು. ಅದರ ಚೂರನ್ನು ಎಣ್ಣೆಗೆ ಬೆರೆಸಿ, ಏನೂ ಬೆರೆಸದ ಎಣ್ಣೆಯ ಜೊತೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟೆವು. ಆಗಾಗ ಎರಡನ್ನೂ ಹೊರಗೆ ತೆಗೆದು, ಔಷಧಿ ಹಾಕಿ ನೀಲಿ ಬರಿಸಿ, ಆ ನೀಲಿ ಹೋಗುವವರೆಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುವುದು. ನೀಲಿ ಬಣ್ಣ ಹೋಗಲು ಹೆಚ್ಚು ಹನಿ ಬೇಕಾದರೆ ಎಣ್ಣೆ ಹೆಚ್ಚು ಕೆಟ್ಟಿದೆ ಎಂದರ್ಥ. ಬೆರೆಸದ ಎಣ್ಣೆ ಹನಿಗಳನ್ನು ಕುಡಿಯುತ್ತಲೇ ಹೋಯಿತು. ಪಾಚಿಯ ಎಣ್ಣೆಯಲ್ಲಿ ನೀಲಿ ತಟ್ಟನೆ ಮಾಯವಾಯಿತು. ಭಟ್ರು ನಳಿಗೆಯನ್ನು ಬೆಳಕಿಗೆ ಹಿಡಿದು ಮದುವೆ ನಿಶ್ಚಯವಾದ ಹುಡುಗನಂತೆ ನಕ್ಕರು. ಆ ನಗುವನ್ನು ಕೆಡಿಸುವ ಧೈರ್ಯ ಯಾರಿಗಿರುತ್ತದೆ?

ಈ ಎಣ್ಣೆ ಮೊದಲು ಬೇಕಾಗಿದ್ದದ್ದು ಸಾವಿತ್ರಮ್ಮನಿಗೆ. ಭಟ್ರಿಗೆ ದೂರದ ಸಂಬಂಧದ ವಿಧವೆ. ಬೆಳ್ಳಾರೆಯಲ್ಲಿ ಮನೆಯಲ್ಲೇ ಹಲಸಿನ ಹಪ್ಪಳ, ಸೋಂಟೆ ಮಾಡಿ ಉಪನಯನ, ಮದುವೆಗಳಿಗೆ ಕೊಟ್ಟು ಜೀವನ ಸಾಗಿಸುತ್ತಿದ್ದರು. ಸೋಂಟೆ ಎಂದರೆ ಬಲಿತ ಹಲಸಿನ ಸೊಳೆಯನ್ನು ಸಿಗಿದು ಎಣ್ಣೆಯಲ್ಲಿ ಕರಿದದ್ದು. ಮಳೆ ಹಿಡಿದರೆ ಅದಕ್ಕೆ ಕಮಟು ಬರುತ್ತದೆ ಎಂಬುದೇ ಅವರ ದೊಡ್ಡ ತೊಂದರೆ. ಭಟ್ರು ಪಾಚಿಯ ಸಂಗತಿಯನ್ನು ಮುಚ್ಚಿಡದೆ ಹೇಳಿದ್ದರು. ಆಕೆ, “ಸೊಪ್ಪು ತಾನೇ ಕೇಶವಣ್ಣ? ಉಪ್ಪೂ ಕಡಲಿನದ್ದೇ ಅಲ್ವಾ, ತಿನ್ನುದಿಲ್ವಾ ನಾವು?” ಎಂದು ಒಪ್ಪಿದ್ದರು.

ಆಕೆಗೆ ಕೊಡುವ ಮೊದಲು ಕರಿದು ನೋಡಬೇಕಲ್ಲ. ಒಂದು ಬೆಳಿಗ್ಗೆ ಪ್ರಯೋಗಾಲಯದ ಸ್ಟೌವಿನ ಮೇಲೆ ಬಾಣಲೆ ಇಟ್ಟೆವು. ಅಂದು ಅತ್ತಿಗೆಗೆ ಜ್ವರ. ಮೀನು ತೊಳೆದು, ಕೊಯ್ದು, ಸಾರು ಮಾಡಿ ಬಂದವಳು ನಾನೇ. ಎಣ್ಣೆ ಕಾಯಿತು. ಬಾಟಲಿಯಲ್ಲಿದ್ದಾಗ ಇಲ್ಲದ ಒಂದು ವಾಸನೆ ಮೆಲ್ಲಗೆ ಮೇಲಕ್ಕೆ ಬಂತು. ಮೀನಿನ ವಾಸನೆ. ಸ್ಪಷ್ಟವಾಗಿ ಬಂತು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಾಣಲೆಯಿಂದ ಅಲ್ಲ, ಭಟ್ರಿಂದ ದೂರ. ನನ್ನ ಕೈಯೇ ನಾರುತ್ತಿದೆ, ಬೆಂಕಿಯ ಶಾಖಕ್ಕೆ ಜೋರಾಗಿದೆ ಎಂದುಕೊಂಡೆ. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

“ಹೇಗುಂಟು ಏಲಿಯಮ್ಮ? ಎಂತಾದ್ರೂ ವಾಸನೆ ಬರ್ತದಾ?”

“ಇಲ್ಲ ಸರ್. ಒಳ್ಳೇದುಂಟು.”

ಅಷ್ಟೇ ಆದದ್ದು. ಮೋಸ ಮಾಡಬೇಕೆಂದು ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಉಂಟು. ಏನನ್ನೂ ಕದಿಯದವರು ಸಹ ಮುಟ್ಟಿ ನೋಡಿಕೊಳ್ಳುತ್ತಾರೆ ಎಂಬುದು ಗಾದೆ ಕಟ್ಟಿದವರಿಗೆ ತಿಳಿದಿರಲಿಲ್ಲ. ಮಧ್ಯಾಹ್ನವೇ ಎಣ್ಣೆಯ ಡಬ್ಬ ಬೆಳ್ಳಾರೆಯ ಬಸ್ಸು ಹತ್ತಿತು.

ಕೆಲವು ವಾರಗಳ ಮೇಲೆ ಸಾವಿತ್ರಮ್ಮನಿಂದ ಹೇಳಿಕೆ ಬಂತು. ಒಂದು ಉಪನಯನದ ಮನೆಗೆ ಕೊಟ್ಟ ಸೋಂಟೆಯನ್ನು ಅವರು ಹಾಗೇ ಹಿಂದಕ್ಕೆ ಕಳಿಸಿದ್ದರಂತೆ. ಕಮಟು ಬಂದಿರಬೇಕು ಎಂದು ಭಟ್ರ ಮುಖ ಸಣ್ಣಗಾಯಿತು. ಇಬ್ಬರೂ ಸವಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಹೊರಟೆವು. ದಾರಿಯುದ್ದಕ್ಕೂ ಭಟ್ರು ಪಾಚಿಯ ಪ್ರಮಾಣ ಹೆಚ್ಚಿಸಬೇಕೇನೋ ಎಂದು ಹೇಳುತ್ತಲೇ ಇದ್ದರು. ನಾನು ಹೂಂ ಎನ್ನುತ್ತಿದ್ದೆ.

ಸಾವಿತ್ರಮ್ಮ ನಮ್ಮನ್ನು ಮನೆಯ ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಕಣ್ಣು ಬಾತುಕೊಂಡಿತ್ತು. “ಕಮಟು ಅಲ್ಲ ಕೇಶವಣ್ಣ. ಮೀನಿನ ವಾಸನೆ ಅಂತ ಹೇಳಿದ್ರು. ಪಂಕ್ತಿಯಲ್ಲಿ ಕೂತವರು ಎದ್ದು ಹೋದ್ರಂತೆ. ಸಾವಿತ್ರಿಯ ಅಡಿಗೆಮನೆ ಕೆಟ್ಟಿತು ಅಂತ ಊರಿಡೀ ಮಾತು. ಇನ್ನು ನನ್ನ ಕೈಯದ್ದು ಯಾರು ತಿಂತಾರೆ ಹೇಳಿ” ಎಂದರು. ಆಕೆಯ ಅಂಗಡಿ ಎಂದರೆ ಆ ಅಡಿಗೆಮನೆಯ ಮೇಲೆ ಜನ ಇಟ್ಟ ನಂಬಿಕೆ, ಬೇರೇನೂ ಅಲ್ಲ. ಅದು ಹೋದರೆ ಎಲ್ಲವೂ ಹೋದ ಹಾಗೆ.

“ಎಣ್ಣೆಯದ್ದಾ?” ಎಂದು ಭಟ್ರು ಕೇಳಿದರು.

“ಛೆ, ನೀವು ಪರೀಕ್ಷೆ ಮಾಡಿ ಕೊಟ್ಟ ಎಣ್ಣೆ. ಅದರಲ್ಲಿ ಎಂತ ದೋಷ? ಇದು ಕಮಲನ ಕೈಯದ್ದು. ಹಲಸು ಕೊಯ್ದು ಸೊಳೆ ಬಿಡಿಸುದು ಅವಳೇ ಅಲ್ವಾ. ಮೀನು ತಿನ್ನುವ ಮನೆ. ಕೈ ಸರಿ ತೊಳೀಲಿಲ್ಲ ಅಂತ ಕಾಣ್ತದೆ. ಕರಿಯುವಾಗ ನಂಗೂ ಚೂರು ಬಂದಿತ್ತು, ಜಗಲಿಯಲ್ಲಿ ಅವಳಿದ್ದಾಳಲ್ಲ ಅಂತ ಬಿಟ್ಟೆ. ಇನ್ನು ಬರ್ಬೇಡ ಅಂತ ಹೇಳಿ ಕಳಿಸಿದೆ.”

ಕಮಲಳನ್ನು ನಾನು ಮೊದಲೊಮ್ಮೆ ನೋಡಿದ್ದೆ. ಅದೇ ಜಗಲಿಯ ಕೊನೆಯಲ್ಲಿ ಕುಳಿತು, ಮೇಣ ಅಂಟದ ಹಾಗೆ ಕೈಗೆ ಎಣ್ಣೆ ಸವರಿಕೊಂಡು, ತಲೆ ಎತ್ತದೆ ಸೊಳೆ ಬಿಡಿಸುತ್ತಿದ್ದಳು. ಆಕೆಯೂ ನನ್ನ ಹಾಗೆ ಮನೆಯ ಒಳಗೆ ಹೋಗುವವಳಲ್ಲ. ಈಗ ಆ ಜಾಗ ಖಾಲಿಯಾಗಿತ್ತು.

ನಮ್ಮ ಕೆಲಸದಲ್ಲಿ ಖಾಲಿ ಪರೀಕ್ಷೆ ಎಂದು ಒಂದು ಕ್ರಮ ಉಂಟು. ಪರೀಕ್ಷಿಸಬೇಕಾದ ವಸ್ತುವನ್ನೇ ಹಾಕದೆ, ಉಳಿದದ್ದೆಲ್ಲ ಹಾಕಿ ಮಾಡುವ ಪರೀಕ್ಷೆ. ಬಂದ ಫಲ ನಿಜವಾಗಿ ಯಾವುದರದ್ದು ಎಂದು ತಿಳಿಯುವುದು ಅದರಿಂದಲೇ. ದಿನಾ ಮಾಡುತ್ತಿದ್ದೆ. ನನ್ನ ಮೂಗಿನ ವಿಷಯದಲ್ಲಿ ಮಾತ್ರ ಮಾಡಿರಲಿಲ್ಲ.

“ಅಮ್ಮ, ಹಲಸು ಹಾಕದೆ ಬರೀ ಎಣ್ಣೆ ಒಮ್ಮೆ ಕಾಯಿಸಿ ನೋಡ್ತೀರಾ?” ಎಂದೆ.

ಆಕೆ ಒಳಗೆ ಹೋದರು. ನಾನು ಜಗಲಿ ಬಿಟ್ಟು ಅಂಗಳದಾಚೆಯ ಬಾವಿಯವರೆಗೆ ಹೋಗಿ ನಿಂತೆ. ಬಾಣಲೆ ಇಟ್ಟ ಸದ್ದು, ಒಲೆಯ ಕಟ್ಟಿಗೆ ಸರಿಸಿದ ಸದ್ದು ಕೇಳಿತು. ವಾಸನೆ ಬರಬಾರದೆಂದು ಅರ್ಧ ಮನಸ್ಸು, ಬರಲೆಂದು ಇನ್ನರ್ಧ. ಬಾರದಿದ್ದರೆ ಕಮಲಳ ಕೈ, ಬಂದರೆ ನನ್ನ ನಾಲಿಗೆ.

ಸಾವಿತ್ರಮ್ಮ ಸೆರಗನ್ನು ಮೂಗಿಗೆ ಹಿಡಿದು ಹೊರಗೆ ಬಂದರು. “ಅದೇ ವಾಸನೆ. ಅವಳು ಇಲ್ಲ, ಆದ್ರೂ ಬರ್ತದಲ್ಲ ಕೇಶವಣ್ಣ.”

ಕಮಲ ಅಲ್ಲಿರಲಿಲ್ಲ. ನಾನು ಬಾವಿಯ ಹತ್ತಿರ ಇದ್ದೆ. ಮೀನು ಮುಟ್ಟಿದ ಒಂದು ಕೈಯೂ ಆ ಒಲೆಯ ಹತ್ತಿರ ಇರಲಿಲ್ಲ. ಭಟ್ರು ಒಳಗೆ ಹೋಗಿ ಬಾಣಲೆಯ ಮೇಲೆ ಮುಖವಿಟ್ಟು ಮೂಸಿದರು, ಮತ್ತೆ ಮೂಸಿದರು, ಏನೂ ತಿಳಿಯದೆ ಹೊರಗೆ ಬಂದರು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಅವತ್ತು ನಿಂಗೆ ಬಂದಿತ್ತಾ?”

“ಬಂದಿತ್ತು ಸರ್.”

“ಮತ್ತೆ ಹೇಳಲಿಲ್ಲ ಎಂತಕ್ಕೆ?”

“ನನ್ನದೇ ಅಂತ ಗ್ರಹಿಸಿದೆ ಸರ್. ಬೆಳಿಗ್ಗೆ ಮೀನು ಕೊಯ್ದಿದ್ದೆ.”

ಅವರು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ನಸ್ಯದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದರು, ಏರಿಸದೆ ಮತ್ತೆ ಮುಚ್ಚಿ ಜೇಬಿಗೆ ಹಾಕಿದರು. “ಡಬ್ಬಿ ಹೊರಗಿಡು ಅಂತ ಹೇಳಿದ್ದು ನಾನೇ ಅಲ್ವಾ ಮಾರಾಯ್ತಿ” ಎಂದರು. ಅವರ ಮುಖ ನೋಡಲಿಕ್ಕೆ ನನಗಾಗಲಿಲ್ಲ. ನನ್ನದು ನೋಡಲಿಕ್ಕೆ ಅವರಿಗೂ ಆಗಲಿಲ್ಲ ಎಂದು ಕಾಣುತ್ತದೆ.

ಸಾವಿತ್ರಮ್ಮನಿಗೂ ಎಲ್ಲ ಹೇಳಿದೆ. ಆಕೆ ಜಗಲಿಯ ಮೆಟ್ಟಿಲಲ್ಲಿ ಕುಳಿತುಬಿಟ್ಟರು. “ನಾನು ಎಲ್ಲರೆದುರು ಅವಳ ಕೈ ಹಿಡಿದು ಮೂಸಿದೆ. ವಾಸನೆ ಬಂದ ಹಾಗೇ ಆಯ್ತು ನಂಗೆ” ಎಂದರು. ಆಮೇಲೆ, “ಹೋಗಿ ಕರ್ಕೊಂಡು ಬನ್ನಿ, ನನ್ನ ಕಾಲು ಏಳುದಿಲ್ಲ” ಎಂದರು.

ಕಮಲಳ ಮನೆ ಗುಡ್ಡದ ಆಚೆ. ನಾವು ಹೋದಾಗ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಎದ್ದು ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಾನು ತುಳುವಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ವಾಸನೆ ಎಣ್ಣೆಯದ್ದು, ತಪ್ಪು ನನ್ನದು, ನಿನ್ನ ಕೈಯದ್ದು ಏನೂ ಇಲ್ಲ ಎಂದೆ.

ಆಕೆ ನಂಬಲಿಲ್ಲ. “ಹಾಗೆ ಅಲ್ಲ ಅಕ್ಕ. ಆ ದಿನ ಬೆಳಿಗ್ಗೆ ನಾನು ಬೂತಾಯಿ ಕೊಯ್ದದ್ದು ಹೌದು. ನಂಗೂ ವಾಸನೆ ಬಂದಿತ್ತು. ಅಮ್ಮ ಹೇಳಿದ್ದು ಸರಿಯೇ” ಎಂದಳು. ನಾನು ಆಕೆಯ ಕೈಯನ್ನು ಮುಂದಕ್ಕೆ ಎಳೆದೆ. ಹುಣಸೆಹುಳಿ, ತೆಂಗಿನ ನಾರು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅಂಗೈಯ ಚರ್ಮ ಎದ್ದುಹೋಗಿತ್ತು. ನನಗೆ ಅಲ್ಲಿಯೇ ಭೂಮಿಗೆ ಇಳಿದುಹೋಗಬೇಕು ಅನ್ನಿಸಿತು. ಅಸಿಟಿಕ್ ಆಮ್ಲ ನನ್ನ ನಾಲಿಗೆಗೆ ಮಾಡಿದ್ದಕ್ಕಿಂತ ಹೆಚ್ಚು, ನನ್ನ ನಾಲಿಗೆ ಆ ಕೈಗಳಿಗೆ ಮಾಡಿತ್ತು.

ಮರುವಾರ ಆಕೆ ಕೆಲಸಕ್ಕೆ ಬಂದಳು. ಸಾವಿತ್ರಮ್ಮ ಉಪನಯನದ ಮನೆಗೆ ತಾವೇ ಹೋಗಿ, ಎಣ್ಣೆ ಹಾಳಾಗಿತ್ತು, ಹುಡುಗಿಯದ್ದು ತಪ್ಪಿಲ್ಲ ಎಂದು ಹೇಳಿ ಬಂದರು. ಕೆಲವರು ನಂಬಿದರು, ಕೆಲವರು ಆ ವರ್ಷವಿಡೀ ಆಕೆಯ ಹತ್ತಿರ ಹಪ್ಪಳ ತೆಗೆದುಕೊಳ್ಳಲಿಲ್ಲ. ಭಟ್ರು ಪಾಚಿಯ ಅಂಟಿಗೆ ಹಬೆ ಹಾಯಿಸಿ ವಾಸನೆ ತೆಗೆಯುವ ಉಪಾಯವನ್ನೂ ಕಂಡುಹಿಡಿದರು. ಅಷ್ಟರಲ್ಲಿ ಮಿಲ್ಲಿನ ಧಣಿಗಳು, “ಕಡಲಿನ ಸಹವಾಸ ಸಾಕು ಭಟ್ರೆ” ಎಂದು ಪೇಟೆಯ ಬಿಳಿ ಪುಡಿ ತರಿಸಿದರು. ನಮ್ಮ ಗೋಣಿಗಳು ಮೂಲೆಯಲ್ಲಿ ಒಣಗಿದವು.

ಭಟ್ರು ಆ ವರ್ಷ ನಸ್ಯ ಬಿಟ್ಟರು. ಮೂಗು ಪೂರ್ತಿ ವಾಪಸು ಬರಲಿಲ್ಲ. ಒಂದು ದಿನ ಕಿಟಕಿಯಲ್ಲಿದ್ದ ನನ್ನ ಡಬ್ಬಿಯನ್ನು ತಾವೇ ಒಳಗೆ ತಂದು ಮೇಜಿನ ಮೇಲೆ ಇಟ್ಟು, “ಇಲ್ಲಿಯೇ ಉಣ್ಣು” ಎಂದರು. ಆ ದಿನ ಅಲ್ಲಿಯೇ ಉಂಡೆ. ಮರುದಿನ ಮತ್ತೆ ಡಬ್ಬಿಯನ್ನು ಕಿಟಕಿಯಲ್ಲೇ ಇಟ್ಟೆ. ಅವರು ನೋಡಿದರು. ನನ್ನ ನಿವೃತ್ತಿಯ ದಿನದವರೆಗೂ ಅದು ಅಲ್ಲೇ ಇತ್ತು.

ಈಗ ಎಣ್ಣೆಯ ವಾಸನೆಯನ್ನೂ ಯಂತ್ರಗಳು ಹಿಡಿಯುತ್ತವಂತೆ. ಒಳ್ಳೆಯದು, ಯಂತ್ರಕ್ಕೆ ನಾಚಿಕೆ ಇಲ್ಲ. ಆದರೂ ಮಗಳೇ, ಮೂಸುವ ಕೆಲಸ ನಿನಗೆ ಬಂದರೆ, ಮೂಗಿಗೆ ಬಂದದ್ದನ್ನು ಮೊದಲು ಬಾಯಿಬಿಟ್ಟು ಹೇಳು. ಅದು ಯಾರದ್ದೆಂದು ಆಮೇಲೆ ಹುಡುಕಬಹುದು. ನಿನ್ನದೇ ಆಗಿದ್ದರೂ ಆಗಲಿ, ಅದರಿಂದ ಯಾರ ಕೆಲಸವೂ ಹೋಗುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೆಳ್ಳಾರೆಯ ಸಂತೆಯಲ್ಲಿ ಕಮಲ ಸಿಕ್ಕಿದಳು. ಸೊಂಟದಲ್ಲಿ ಮಗಳ ಮಗು. ನನ್ನನ್ನು ಕಂಡು ಖುಷಿಯಾಗಿ, ಮುಟ್ಟಿ ಮಾತಾಡಿಸಲು ಕೈ ಚಾಚಿದವಳು ಅರ್ಧದಲ್ಲೇ ನಿಲ್ಲಿಸಿ, ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ, ಆಮೇಲೆ ನನ್ನ ಭುಜ ಮುಟ್ಟಿದಳು. ತಾನು ಹಾಗೆ ಮಾಡಿದ್ದು ಆಕೆಗೆ ತಿಳಿಯಲೇ ಇಲ್ಲ. ನಾನು ಆ ಕೈ ಹಿಡಿದುಕೊಳ್ಳಲು ಹೋದೆ. ಹಿಡಿಯುವ ಮೊದಲು ನನ್ನ ಕೈಯೂ ನನ್ನ ಮೂಗಿನ ಹತ್ತಿರ ಹೋಗಿತ್ತು.